ತಪ್ಪು ಕಾಕಾನದು, ಶಿಕ್ಷೆ ಶೈಲಜಾಗೆ

ಬೆಳಗಿನ ಐದು ಗಂಟೆ. ಬೈಲಹೊಂಗಲದಿಂದ ಬೆಳಗಾವಿಗೆ ಹೊರಡುವ ಮೊದಲ ಬಸ್ಸು ಇನ್ನೂ ಸ್ಟ್ಯಾಂಡು ಬಿಟ್ಟಿಲ್ಲ. ಊರಾಚೆಯ ಮೈದಾನದಲ್ಲಿ, ಹಿಂದಿನ ಗೋಡೆಯ ಗುಂಟ, ಒಂದು ಬ್ಯಾಟರಿಯ ಬೆಳಕು ಸರಿದಾಡುತ್ತಿದೆ. ಅಲ್ಲಲ್ಲಿ ನಿಲ್ಲುತ್ತದೆ, ನೆಲಕ್ಕೆ ಬಾಗುತ್ತದೆ, ಮತ್ತೆ ಮುಂದೆ ಹೋಗುತ್ತದೆ. ಬ್ಯಾಟರಿ ಹಿಡಿದವರು ಮಲಕಾಜಪ್ಪ. ವಯಸ್ಸು ಐವತ್ತಾರು. ಇನ್ನೊಂದು ಕೈಯಲ್ಲಿ ಅಡುಗೆಮನೆಯ ಇಕ್ಕಳ, ಮೊಣಕೈಗೆ ನೇತುಹಾಕಿದ ಖಾಲಿ ಬಣ್ಣದ ಡಬ್ಬಿ. ಜಾಲಿಕಂಟಿಯ ಬುಡದಿಂದ ಏನನ್ನೋ ಎತ್ತಿ ಡಬ್ಬಿಗೆ ಹಾಕುತ್ತಾರೆ. ಚುಚ್ಚುಮದ್ದಿನ ಸೂಜಿ. ಪಕ್ಕದಲ್ಲೇ ರಬ್ಬರ್ ಮುಚ್ಚಳದ ಸಣ್ಣ ಸೀಸೆ, ಹೆಸರಿನ ಚೀಟಿ ಕಿತ್ತುಹಾಕಿದ್ದು.

“ಇವತ್ತ ಏಳು,” ಎನ್ನುತ್ತಾರೆ ಮಲಕಾಜಪ್ಪ, ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತ. “ಸೋಮವಾರ ಹನ್ನೊಂದ ಇದ್ದೂರಿ. ಭರ್ತಿ ಹತ್ರ ಬಂತಂದ್ರ ಹೆಚ್ಚಾಗ್ತಾವು. ನನ್ನ ಹುಡುಗೂರು ಅರ್ಧಕ್ಕರ್ಧ ಬರಿಗಾಲಲೇ ಓಡತಾವು. ಅವು ಬರೂದ್ರಾಗ ಇಷ್ಟು ಆರಿಸಿಬಿಡಬೇಕು.”

ಭರ್ತಿ ಎಂದರೆ ಪೊಲೀಸ್ ಮತ್ತು ಸೈನ್ಯದ ನೇಮಕಾತಿ. ಅದಕ್ಕೆ ತಯಾರಾಗುವ ಯುವಕರು ಸಂಜೆ ಇಲ್ಲಿ ಓಡುತ್ತಾರೆ. ಓಡುವ ಮೊದಲು ಕೆಲವರು ಗೋಡೆಯ ಹಿಂದಕ್ಕೆ ಹೋಗಿ ಬರುತ್ತಾರೆ. ಮರುದಿನ ಬೆಳಿಗ್ಗೆ ಮಲಕಾಜಪ್ಪ ಅಲ್ಲಿಗೆ ಹೋಗುತ್ತಾರೆ.

ಐದೂವರೆಗೆ ಡಬ್ಬಿ ಪಕ್ಕಕ್ಕಿಟ್ಟು ಸುಣ್ಣದ ಬುಟ್ಟಿ ಹಿಡಿಯುತ್ತಾರೆ. ನಾಲ್ಕು ನೂರು ಮೀಟರಿನ ಸುತ್ತು, ಆರು ಲೇನು. ಎರೆಮಣ್ಣಿನ ನೆಲ, ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಹುಡುಗರ ಪಾದವನ್ನೇ ನುಂಗುತ್ತದೆ. ಬಿರುಕಿಗೆ ಗರಸುಮಣ್ಣು ತುಂಬಿ, ದಿಮ್ಮಸು ಬಡಿದು, ಮೇಲೆ ಗೆರೆ ಎಳೆಯಬೇಕು. ಆರು ಗಂಟೆಗೆ ಮಕ್ಕಳು ಬರುತ್ತಾರೆ. ಒಟ್ಟು ಮೂವತ್ತೊಂದು, ಅದರಲ್ಲಿ ಹತ್ತೊಂಬತ್ತು ಹುಡುಗಿಯರು. ಎಲ್ಲರಿಗೂ ಇವರು ‘ಕಾಕಾ’.

ಸರಕಾರದ ಕಡತದಲ್ಲಿ ಮಾತ್ರ ಇವರು ಕಾಕಾನೂ ಅಲ್ಲ, ಕೋಚೂ ಅಲ್ಲ. ಮೈದಾನದ ದಿನಗೂಲಿ ಕಾವಲುಗಾರ. ಇಪ್ಪತ್ತಾರು ವರ್ಷಗಳಿಂದ ಅಷ್ಟೇ. ಊರು ಸಂಗೊಳ್ಳಿ. ಹದಿನೆಂಟರಲ್ಲಿ ಸೈನ್ಯದ ಭರ್ತಿಗೆ ಹೋಗಿದ್ದರು. ಓಟದಲ್ಲಿ ಇಡೀ ತಂಡಕ್ಕೆ ಮೊದಲು ಬಂದು, ಎದೆಯ ಅಳತೆಯಲ್ಲಿ ಅರ್ಧ ಇಂಚು ಕಡಿಮೆ ಬಿದ್ದು ತಿರುಗಿ ಬಂದರು. ಆಮೇಲೆ ಅಲ್ಲಿಲ್ಲಿ ಕೂಲಿ, ಮೂವತ್ತರಲ್ಲಿ ಈ ಮೈದಾನ. ಹೊರಗಿನಿಂದ ದೊಡ್ಡ ಕೋಚುಗಳು ಶಿಬಿರಕ್ಕೆ ಬಂದಾಗ ಕಸ ಹೊಡೆಯುವ ನೆಪದಲ್ಲಿ ಹತ್ತಿರ ನಿಂತು ಕೇಳಿಸಿಕೊಂಡರು. ಕಲಿತದ್ದೆಲ್ಲ ಹಾಗೆ ಕಲಿತದ್ದು. ಇವರ ಕೈಯಲ್ಲಿ ಪಳಗಿದ ನಾಲ್ವರು ರಾಜ್ಯಮಟ್ಟದಲ್ಲಿ ಪದಕ ತಂದಿದ್ದಾರೆ. ಅವರಲ್ಲಿ ರಾಷ್ಟ್ರಮಟ್ಟದಲ್ಲೂ ತಂದವಳು ಒಬ್ಬಳೇ. ಅವಳ ಕೈಯಲ್ಲಿ ಈಗ ಆ ಪದಕ ಇಲ್ಲ.

ಹೂಲಿಯ ಶೈಲಜಾ ಕಾಲೇಜು ಕಲಿಯಲು ಬೈಲಹೊಂಗಲಕ್ಕೆ ಬಂದು ಹಾಸ್ಟೆಲಿನಲ್ಲಿದ್ದಳು. ಅಪ್ಪ ಅಂದಾನೆಪ್ಪ ಒಕ್ಕಲುತನದವರು. ಮಗಳು ಓಡುವುದನ್ನು ಕಲಿಯುತ್ತಾಳೆ ಎಂದಾಗ ಅವರಿಗೆ ನಗೆ ಬಂದಿತ್ತು. “ಓಡೂದರಾಗ ಕಲಿಯೂದೇನೈತೋ ಮಾರಾಯಾ? ಕಣ್ಣಿ ಬಿಚ್ಚಿದ್ರ ಹೋರಿನೂ ಓಡತೈತಿ,” ಎಂದಿದ್ದರು. ತಾಯಿ ಸುಂದರವ್ವ ಮಾತ್ರ ಪ್ರತಿ ವಾರ ಬಸ್ಸಿನಲ್ಲಿ ಶೇಂಗಾ ಚಟ್ನಿಪುಡಿ, ಕಟಕರೊಟ್ಟಿ ಕಟ್ಟಿ ಕಳಿಸುತ್ತಿದ್ದರು. ಒಂದೂವರೆ ಸಾವಿರ ಮೀಟರ್ ಅವಳ ಓಟ. ಮೊದಲ ವರ್ಷ ಐದು ನಿಮಿಷದ ಮೇಲೆ ತೆಗೆದುಕೊಂಡವಳು ನಾಲ್ಕನೆಯ ವರ್ಷಕ್ಕೆ ನಾಲ್ಕು ನಿಮಿಷ ಇಪ್ಪತ್ತೆರಡು ಸೆಕೆಂಡಿಗೆ ಬಂದಳು.

“ಆಕಿ ಓಡೂದು ನೋಡಿದ್ರ ನೆಲಾ ತಾನs ಹಿಂದ ಸರದಂಗ ಅನಸ್ತಿತ್ರಿ,” ಎನ್ನುತ್ತಾರೆ ಮಲಕಾಜಪ್ಪ. “ಇಪ್ಪತ್ತಾರು ವರ್ಷದಾಗ ಹಂತಾ ಕಾಲು ಒಮ್ಮೆ ಬಂದೂ. ಒಮ್ಮೆ.”

ಮೂರು ವರ್ಷಕ್ಕೂ ಹಿಂದೆ ಹೊರರಾಜ್ಯದಲ್ಲಿ ರಾಷ್ಟ್ರಮಟ್ಟದ ದೊಡ್ಡ ಕ್ರೀಡಾಕೂಟ. ಮೊದಲ ಮೂರರಲ್ಲಿ ಬಂದರೆ ಕ್ರೀಡಾ ಕೋಟಾದಲ್ಲಿ ನೌಕರಿಯ ದಾರಿ ತೆರೆಯುತ್ತಿತ್ತು. ಹೊರಡುವ ಎರಡು ದಿನ ಮೊದಲು ಶೈಲಜಾಳ ಬಲ ಮೊಳಕಾಲು ಬಾತುಕೊಂಡಿತು. ಮಲಕಾಜಪ್ಪ ಅವಳನ್ನು ಮೋಟಾರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಸವದತ್ತಿ ರಸ್ತೆಯ ಹಳ್ಳಿಯೊಂದರ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಸುತ್ತಲಿನ ರೈತರಿಗೆಲ್ಲ ಆ ಡಾಕ್ಟರ ಕೈಗುಣದ ಮೇಲೆ ನಂಬಿಕೆ. ಒಂದು ಸೂಜಿ ಮಾಡಿದರೆ ಸಾಕು, ಎಂಥ ನೋವೂ ಮರುದಿನಕ್ಕೆ ಇರುವುದಿಲ್ಲ.

ಶೈಲಜಾ ಬಾಗಿಲಲ್ಲೇ ನಿಂತಳು. “ಕಾಕಾ, ಸೂಜಿ ಬ್ಯಾಡ್ರಿ. ಎಣ್ಣಿ ಹಚ್ಚಿ ಕಾಸಿಕೊಂಡು ನೋಡೂಣು,” ಎಂದಳು.

“ಎಣ್ಣಿ ಹಚ್ಕೊಂತ ಕುಂತ್ರ ನಿನ್ನ ಗಾಡಿ ನಿಲ್ಲತೈತೇನು? ನಡಿ ಒಳಗ,” ಎಂದರು ಮಲಕಾಜಪ್ಪ.

ಇದನ್ನು ಹೇಳುವಾಗ ಅವರು ದಿಮ್ಮಸಿನ ಹಿಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ನಿಲ್ಲುತ್ತಾರೆ. “ಆ ಒಂದ ಮಾತು. ಆ ಮಾತು ಆಡದಿದ್ರ ಇವತ್ತ ಎಲ್ಲಾ ಬ್ಯಾರೇನ ಇರತಿತ್ತು.”

ಡಾಕ್ಟರು ಸೂಜಿ ಮಾಡಿದರು. ಕಾಗದದ ಪುಡಿಕೆಯಲ್ಲಿ ಆರು ಬಿಡಿ ಗುಳಿಗೆ ಕಟ್ಟಿಕೊಟ್ಟರು. ಚೀಟಿ ಬರೆಯಲಿಲ್ಲ, ಔಷಧದ ಹೆಸರು ಹೇಳಲಿಲ್ಲ, ಇವರು ಕೇಳಲೂ ಇಲ್ಲ. ಹಳ್ಳಿಯಲ್ಲಿ ಯಾರು ಕೇಳುತ್ತಾರೆ? ಮರುದಿನ ಬೆಳಿಗ್ಗೆ ಶೈಲಜಾ ನಗುತ್ತ ನಾಲ್ಕು ಸುತ್ತು ಓಡಿದಳು. ನಾಲ್ಕನೆಯ ದಿನ ಆ ದೂರದ ಊರಿನಲ್ಲಿ ಎರಡನೆಯವಳಾಗಿ ಗುರಿ ಮುಟ್ಟಿ ಬೆಳ್ಳಿ ಗೆದ್ದಳು.

ಗೆದ್ದವರ ಮೂತ್ರ ಪರೀಕ್ಷೆ ಅಲ್ಲಿಯ ವಾಡಿಕೆ. ಕಳೆದ ಏಳು ದಿನದಲ್ಲಿ ಏನೇನು ಔಷಧ ತೆಗೆದುಕೊಂಡಿದ್ದೀರಿ ಎಂದು ಇಂಗ್ಲಿಷ್ ಅರ್ಜಿಯಲ್ಲಿ ಕೇಳಿದ್ದರು. ಗುಳಿಗೆಯನ್ನೇ ಕೇಳುತ್ತಿದ್ದಾರೆ ಎಂದುಕೊಂಡು ಶೈಲಜಾ ‘ನೋವಿನ ಗುಳಿಗೆ’ ಎಂದಷ್ಟೇ ಬರೆದಳು. ಸೂಜಿಯ ವಿಷಯ ಬರೆಯಲಿಲ್ಲ. ಅದೇ ಅರ್ಜಿಯಲ್ಲಿ ಕೋಚಿನ ಹೆಸರು ಎಂಬ ಜಾಗದಲ್ಲಿ, ತಂಡದ ಪಟ್ಟಿಯಲ್ಲಿದ್ದಂತೆ, ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಹೆಸರು ಬರೆದಳು. ಅವರು ಅವಳ ಓಟ ನೋಡಿದ್ದು ಎರಡೇ ಸಲ.

ಸುಮಾರು ಒಂದೂವರೆ ತಿಂಗಳ ಮೇಲೆ ಉದ್ದೀಪನ ಮದ್ದು ತಡೆ ಸಂಸ್ಥೆಯಿಂದ ಪತ್ರ ಬಂತು. ಅದು ಬಂದದ್ದು ಶೈಲಜಾ ಎಂದೂ ತೆರೆಯದ ಇ-ಮೇಲಿಗೆ. ಕಾಲೇಜಿಗೆ ಫೋನು ಬಂದು ವಿಷಯ ತಿಳಿಯುವ ಹೊತ್ತಿಗೆ, ಉತ್ತರ ಕೊಡಲು ಇದ್ದ ದಿನಗಳಲ್ಲಿ ಮೂರು ಕಳೆದುಹೋಗಿದ್ದವು. ಬಜಾರದಲ್ಲಿ ನೆಟ್ ಸೆಂಟರ್ ಇಟ್ಟುಕೊಂಡ ಸಂಜು ಪತ್ರವನ್ನು ಓದಿ ಕನ್ನಡದಲ್ಲಿ ಹೇಳಿದ. ಅವಳ ಮೂತ್ರದಲ್ಲಿ ಸ್ಟಿರಾಯ್ಡ್ ಜಾತಿಯ ಔಷಧದ ಅಂಶ ಸಿಕ್ಕಿದೆ. ಸ್ಪರ್ಧೆಯ ಹೊತ್ತಿನಲ್ಲಿ ಅದು ನಿಷಿದ್ಧ. ಅಷ್ಟೇ ಅಲ್ಲ, ಕ್ರೀಡಾಪಟುವಿನ ದೇಹದೊಳಗೆ ಏನು ಹೋಗುತ್ತದೆಯೋ ಅದಕ್ಕೆ ಅವರೇ ಹೊಣೆ. ಯಾರು ಕೊಟ್ಟರು, ಗೊತ್ತಿತ್ತೋ ಇಲ್ಲವೋ ಎಂಬುದೆಲ್ಲ ಶಿಕ್ಷೆ ಎಷ್ಟು ಎನ್ನುವಾಗ ಬರುವ ಮಾತು. ತಪ್ಪು ನಡೆಯಿತೇ ಎನ್ನುವಾಗ ಅಲ್ಲ.

“ಕಾಯ್ದೆ ತಪ್ಪಲ್ರಿ,” ಎನ್ನುತ್ತಾರೆ ಮಲಕಾಜಪ್ಪ. “ಹಂಗಿಲ್ಲಂದ್ರ ಸಿಕ್ಕವರೆಲ್ಲಾ ‘ನನಗ ಗೊತ್ತಿರಲಿಲ್ಲ’ ಅಂದ ಪಾರಾಗತಾರ. ಆದ್ರ ನಮ್ಮ ಆಕಿಗೆ ಖರೇನ ಗೊತ್ತಿರಲಿಲ್ಲ. ಖರೇ ಹೇಳವರಿಗೆ, ಸುಳ್ಳ ಹೇಳವರಿಗೆ ಅಲ್ಲಿ ಒಂದ ಲೆಕ್ಕ.”

ಸೂಜಿ ಮಾಡಿದ ಡಾಕ್ಟರು ಏನು ಕೊಟ್ಟೆ, ಯಾಕೆ ಕೊಟ್ಟೆ ಎಂದು ಒಂದು ಹಾಳೆ ಬರೆದುಕೊಟ್ಟರೆ ಶಿಕ್ಷೆ ಕಡಿಮೆಯಾಗುವ ಸಾಧ್ಯತೆ ಇತ್ತು. ಮಲಕಾಜಪ್ಪ ಆರು ಸಲ ಹೋದರು. ಮೊದಲ ಸಲ ಡಾಕ್ಟರು, “ನೋಡೂಣು” ಎಂದರು. ಎರಡನೆಯ ಸಲ, “ದಿನಾ ನೂರ ಮಂದಿ ಬರತಾರ, ಯಾರಿಗೆ ಏನ ಕೊಟ್ಟೇನಂತ ನೆನಪಿಟ್ಟಕೊಳ್ಳಲಿ?” ಎಂದರು. ಆರನೆಯ ಸಲ ದವಾಖಾನೆಯ ಮೆಟ್ಟಿಲ ಮೇಲೆ ಮಲಕಾಜಪ್ಪ ಅವರ ಕಾಲು ಹಿಡಿದುಕೊಂಡರು. ಸಾಲಿನಲ್ಲಿ ಕುಳಿತ ರೋಗಿಗಳೆಲ್ಲ ನೋಡುತ್ತಿದ್ದರು. ಡಾಕ್ಟರು ಕಾಲು ಬಿಡಿಸಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ವಿಚಾರಣೆ ನಡೆದದ್ದು ಕಂಪ್ಯೂಟರ್ ಪರದೆಯ ಮೇಲೆ, ಸಂಜುವಿನ ನೆಟ್ ಸೆಂಟರಿನಲ್ಲಿ. ಮಧ್ಯಾಹ್ನ ಎರಡು ಗಂಟೆ. ಗದ್ದಲ ಬರಬಾರದೆಂದು ಸಂಜು ಅರ್ಧ ಶಟರ್ ಇಳಿಸಿದ್ದ. ಮಲಕಾಜಪ್ಪ ಕ್ಯಾಮೆರಾಕ್ಕೆ ಕಾಣದಂತೆ ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದರು. ಹಿಂದಿನ ದಿನವೇ ಅವಳಿಗೆ ಹೇಳಿದ್ದರು: “ನನ್ನ ಹೆಸರ ಹೇಳು. ಕಾಕಾ ಕರಕೊಂಡ ಹೋಗಿದ್ದ, ನಾ ಬ್ಯಾಡಂದ್ರೂ ಕೇಳಲಿಲ್ಲ ಅನ್ನು.”

ಶೈಲಜಾ ಹೂಂ ಎಂದು ತಲೆಯಾಡಿಸಿದ್ದಳು. ಆದರೆ ಲಿಖಿತ ಹೇಳಿಕೆಯಲ್ಲಿ ಅವಳು ಬರೆಸಿದ್ದು ಬೇರೆ. ಇವರಿಗೆ ಅದನ್ನು ಓದಿ ಹೇಳಲು ಸಂಜುವಿಗೂ ಬಿಟ್ಟಿರಲಿಲ್ಲ.

ಪರದೆಯ ಮೇಲೆ ಮೂವರು. ಅವರ ಮಾತನ್ನು ಸಂಜು ಕನ್ನಡಕ್ಕೆ, ಇವಳ ಮಾತನ್ನು ಅವರಿಗೆ ಮುಟ್ಟಿಸುತ್ತಿದ್ದ. ಡಾಕ್ಟರ ಬಳಿ ಯಾರು ಕರೆದುಕೊಂಡು ಹೋದರು ಎಂಬ ಪ್ರಶ್ನೆ ಬಂತು.

“ಯಾರೂ ಇಲ್ರಿ. ನಾನs ಒಬ್ಬಾಕಿ ಹೋಗಿದ್ದೆ,” ಎಂದಳು ಶೈಲಜಾ.

ಕಾಕಾನ ಹೆಸರು ಬಂದರೆ ಅವರ ಕೂಲಿ ಕೆಲಸ ಹೋಗುತ್ತದೆ, ಮೈದಾನಕ್ಕೆ ಕಾಲಿಡಲು ಬಿಡುವುದಿಲ್ಲ ಎಂದು ಹುಡುಗಿ ಹೆದರಿದ್ದಾಳೆ ಎಂಬುದು ಮಲಕಾಜಪ್ಪನವರಿಗೆ ಆ ಕ್ಷಣವೇ ತಿಳಿಯಿತು. ತಡೆಯಲಾಗಲಿಲ್ಲ. ಎದ್ದು ಕ್ಯಾಮೆರಾದ ಮುಂದೆ ಬಾಗಿ, ಕೈಮುಗಿದು, “ಸುಳ್ಳ್ರಿ ಸಾಹೇಬ್ರ. ನಾ ಕರಕೊಂಡ ಹೋಗಿದ್ದೆ. ಆಕಿ ಬ್ಯಾಡಂದ್ಲು. ಶಿಕ್ಷಾ ನನಗ ಕೊಡ್ರಿ,” ಎಂದುಬಿಟ್ಟರು.

ಪರದೆಯ ಮೇಲಿನವರು ಕಾಗದ ತಿರುವಿ ನೋಡಿದರು. ಕೋಚಿನ ಹೆಸರಿನ ಜಾಗದಲ್ಲಿ ಬೇರೆಯವರ ಹೆಸರು. ತಂಡದ ಪಟ್ಟಿಯಲ್ಲಿ ಇಲ್ಲ, ಯಾವ ಸಂಘದಲ್ಲೂ ನೋಂದಣಿ ಇಲ್ಲ. ಈ ಮನುಷ್ಯ ಯಾರು ಎಂದು ಕೇಳಿದರು. ಸಂಜು ತಡವರಿಸುತ್ತ, “ಗ್ರೌಂಡ್ ವಾಚ್‌ಮನ್” ಎಂದ. ಅವರನ್ನು ಹೊರಗೆ ಕಳಿಸಿ ಎಂದರು. ಮಲಕಾಜಪ್ಪ ಅರ್ಧ ಶಟರಿನ ಕೆಳಗೆ ಬಗ್ಗಿ ಹೊರಗೆ ಬಂದು, ಬಿಸಿಲಿನಲ್ಲಿ, ಚಹಾದಂಗಡಿಯ ಕಟ್ಟೆಯ ಮೇಲೆ ಕುಳಿತರು.

ತೀರ್ಪು ಬಂದಾಗ ಅದರಲ್ಲಿ ಇವರ ಹೆಸರು ಎಲ್ಲಿಯೂ ಇರಲಿಲ್ಲ. ಇವರ ಮಾತು ಮಾತ್ರ ಇತ್ತು. ಲಿಖಿತ ಹೇಳಿಕೆಗೂ ವಿಚಾರಣೆಯಲ್ಲಿ ಕೇಳಿಬಂದ ಮಾತಿಗೂ ಹೊಂದಾಣಿಕೆ ಇಲ್ಲ. ಸೂಜಿಯ ವಿಷಯವನ್ನು ಪರೀಕ್ಷೆಯ ದಿನ ತಿಳಿಸಿಲ್ಲ. ಔಷಧ ಎಲ್ಲಿಂದ ಬಂತು ಎಂಬುದಕ್ಕೆ ಡಾಕ್ಟರ ಪತ್ರವಿಲ್ಲ. ಆದ್ದರಿಂದ ಶಿಕ್ಷೆ ಇಳಿಸಲು ಕಾರಣ ಕಾಣುವುದಿಲ್ಲ. ಎರಡು ವರ್ಷ ನಿಷೇಧ. ಪದಕ ವಾಪಸು. ಮೇಲ್ಮನವಿಗೆ ಅವಕಾಶವಿತ್ತು. “ಸಾಕು, ಇನ್ನೊಮ್ಮೆ ನಿಮ್ಮನ್ನ ಹೊರಗ ಕಳಸೂದು ನೋಡಾಕ ಆಗೂದಿಲ್ಲ” ಎಂದಳು ಶೈಲಜಾ.

“ಮೊದಲ ಬಾಯಿಂದ ಕೆಡಿಸಿದೆ, ಆಮ್ಯಾಲ ಬಾಯಿಂದನ ಮತ್ತಷ್ಟು ಕೆಡಿಸಿದೆ,” ಎನ್ನುತ್ತಾರೆ ಮಲಕಾಜಪ್ಪ. “ಸುಮ್ಮನ ಕುಂತಿದ್ರ ಆರ ತಿಂಗಳೋ ವರ್ಷಾನೋ ಕಡಿಮಿ ಆಗ್ತಿತ್ತು ಅಂತಾನ ಸಂಜು. ಖರೇ ಹೇಳಿದ್ದಕ್ಕ ಹೆಚ್ಚಾತು.”

ಪದಕ ಕಳಿಸಲು ಇಬ್ಬರೂ ಪೋಸ್ಟ್ ಆಫೀಸಿಗೆ ಹೋದರು. ಹಳೆಯ ಟವೆಲ್ಲಿನಲ್ಲಿ ಸುತ್ತಿ, ಮೇಲೆ ಬಟ್ಟೆ ಹೊಲಿದು ತಂದಿದ್ದಳು. ರಜಿಸ್ಟರ್ ಮಾಡುವವರು ಒಳಗೆ ಏನಿದೆ ಎಂದು ಕೇಳಿದರು. “ಸಾಮಾನ್ರಿ,” ಎಂದರು ಮಲಕಾಜಪ್ಪ. ರಸೀದಿಯನ್ನು ಅವಳು ಇವರ ಕೈಗೆ ಕೊಟ್ಟು ಹೂಲಿಯ ಕಡೆಯ ಬಸ್ಸು ಹತ್ತಿದಳು. ನೌಕರಿಯ ಮಾತು ಅಲ್ಲಿಗೆ ಮುಗಿಯಿತು.

ಆ ರಾತ್ರಿಯಿಂದ ಎಂಟು ದಿನ ಮಲಕಾಜಪ್ಪ ಮೈದಾನಕ್ಕೆ ಹೋಗಲಿಲ್ಲ. ಒಂಬತ್ತನೆಯ ದಿನ ಹೆಂಡತಿ ಶಟ್ಟೆವ್ವ ಸುಣ್ಣದ ಬುಟ್ಟಿಯನ್ನು ಮುಂದೆ ತಂದಿಟ್ಟರು. “ಆ ಮೂವತ್ತ ಕೂಸುಗಳು ಏನ ಪಾಪಾ ಮಾಡ್ಯಾವು?” ಎಂದರು. ಹೋದರು. ಆದರೆ ಹೋದವರು ಮೊದಲಿನ ಮಲಕಾಜಪ್ಪ ಅಲ್ಲ.

ಈಗ ದಿನವೂ ಓಟಕ್ಕೆ ಮೊದಲು ಮಕ್ಕಳನ್ನು ಸಾಲಾಗಿ ಕೂರಿಸುತ್ತಾರೆ. ನೆಗಡಿಯೇ? ಗುಳಿಗೆ ತಗೊಂಡಿರೇ? ಕೆಮ್ಮಿನ ಔಷಧ ಕುಡಿದಿರೇ? ಯಾರೋ ಕೊಟ್ಟ ಪೌಡರ್ ಹಾಲಿಗೆ ಹಾಕಿಕೊಂಡಿರೇ? ಗುಳಿಗೆಯ ಹಾಳೆಯನ್ನು ತರಿಸಿ ಸಂಜುವಿನ ಹತ್ತಿರ ಒಯ್ದು ಮೊಬೈಲಿನಲ್ಲಿ ಹೆಸರು ಹಾಕಿ ನೋಡಿಸುತ್ತಾರೆ. ಆದರೆ ಮಕ್ಕಳು ತರುವುದು ಬಹುತೇಕ ಕಾಗದದ ಪುಡಿಕೆಯ ಬಿಡಿ ಗುಳಿಗೆ. ಬಿಳಿ, ಗುಲಾಬಿ, ಹಳದಿ. ಹೆಸರಿಲ್ಲದ್ದನ್ನು ಯಾವ ಮೊಬೈಲೂ ಗುರುತಿಸುವುದಿಲ್ಲ.

“ಬಾಯಾಗ ಹೋಗೂದಕ್ಕ, ಮೈಯಾಗ ಹೋಗೂದಕ್ಕ ನೀವs ಹೊಣಿ,” ಎಂದು ಅವರು ಮಕ್ಕಳಿಗೆ ಹೇಳುತ್ತಾರೆ. “ಅಪ್ಪ ಕೊಟ್ಟರೂ ಕೇಳ್ರಿ, ಡಾಕ್ಟರ ಕೊಟ್ಟರೂ ಕೇಳ್ರಿ. ನನ್ನಂತೂ ನಂಬsಬ್ಯಾಡ್ರಿ.” ಹತ್ತು ವರ್ಷದ ಮಕ್ಕಳು ನಗುತ್ತವೆ. ಕಾಕಾ ಚೇಷ್ಟೆ ಮಾಡುತ್ತಿದ್ದಾರೆ ಎಂದು ಅವುಗಳ ಎಣಿಕೆ.

ಕಳೆದ ನವೆಂಬರಿನಲ್ಲಿ ಜಿಲ್ಲಾ ಕೂಟದ ಹಿಂದಿನ ದಿನ ಮಹಾನಂದಾ ಎಂಬ ಹದಿನಾಲ್ಕರ ಹುಡುಗಿಗೆ ಜ್ವರ ಬಂತು. ಈಗಿನ ತಂಡದಲ್ಲಿ ಅವಳೇ ಚುರುಕು. ಜ್ವರದ ಸಾದಾ ಗುಳಿಗೆಗೆ ಯಾವ ನಿಷೇಧವೂ ಇಲ್ಲವೆಂದು ಸಂಜು ನೋಡಿ ಹೇಳಿದ. ಮೆಡಿಕಲ್ ಶಾಪಿನವರೂ ಹೇಳಿದರು. ಮಲಕಾಜಪ್ಪ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡರು, ಗುಳಿಗೆ ಬಿಡಿಸಲು ಬೆರಳು ಬರಲಿಲ್ಲ. ಹುಡುಗಿಯ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕುಳಿತರು. ಸಂಜೆಗೆ ಜ್ವರ ಏರಿತು. ಮರುದಿನ ಮಹಾನಂದಾ ಓಡಲಿಲ್ಲ. ಅಪ್ಪ ಶಿವಲಿಂಗ ಮೈದಾನಕ್ಕೇ ಬಂದು ಎಲ್ಲರೆದುರು ಕೂಗಾಡಿದರು. “ಒಬ್ಬಾಕಿಗೆ ಔಷಧ ಕೊಟ್ಟ ಕೆಡಿಸಿದಿ, ನನ್ನ ಮಗಳಿಗೆ ಕೊಡದ ಕೆಡಿಸಿದಿ. ನಿನ್ನ ಕಡೆ ಯಾಕ ಕಳಸಬೇಕು?”

ಮಹಾನಂದಾ ಈಗ ಬರುವುದಿಲ್ಲ.

ಸಂಜೆಯ ಯುವಕರ ಹತ್ತಿರವೂ ಮಾತಾಡಿ ನೋಡಿದ್ದಾರೆ. ಪರಶು ಎಂಬವನನ್ನು ಗೋಡೆಯ ಹಿಂದೆ ಕೈಯಲ್ಲಿ ಸೂಜಿ ಇದ್ದಾಗಲೇ ಹಿಡಿದರು. ಅವನು ಓಡಿಹೋಗಲಿಲ್ಲ, ಮುಚ್ಚಿಡಲೂ ಇಲ್ಲ. “ಕಾಕಾ, ನಮಗ ಅಲ್ಲಿ ಯಾರೂ ಉಚ್ಚಿ ಕೇಳಂಗಿಲ್ಲ. ಟೈಮ್ ಅಷ್ಟs ಕೇಳತಾರ,” ಎಂದ. ಅವನು ಪಾಸಾದ. ಅವನ ಮನೆಯವರು ಪೇಢೆ ಹಂಚುತ್ತ ಮೈದಾನಕ್ಕೂ ಬಂದರು. ಮಲಕಾಜಪ್ಪ ಒಂದು ತೆಗೆದುಕೊಂಡರು, ಬೇಡ ಎನ್ನಲಾಗದೆ.

ಶೈಲಜಾಳ ನಿಷೇಧ ಮುಗಿದು ಹನ್ನೊಂದು ತಿಂಗಳಾಗಿದೆ. ಅವಳು ಬೈಲಹೊಂಗಲದ ಒಂದು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಹತ್ತಿ ತಂದ ಗಾಡಿಗಳ ತೂಕದ ಚೀಟಿ ಬರೆಯುತ್ತಾಳೆ. ಕೂದಲಿಗೆ, ಹುಬ್ಬಿಗೆ ಹತ್ತಿಯ ಎಳೆ ಅಂಟಿಕೊಂಡಿರುತ್ತದೆ. ಕಾಕಾನ ಮೇಲೆ ಸಿಟ್ಟಿದೆಯೇ ಎಂದರೆ ಇಲ್ಲವೆಂದು ತಲೆ ಅಲ್ಲಾಡಿಸುತ್ತಾಳೆ. “ಸೂಜಿ ನನ್ನ ಮೈಗೆ ಹೋಗಿದ್ರಿ. ಬ್ಯಾಡಂತ ಎದ್ದ ಬರಬಹುದಿತ್ತು. ಕಾಲು ನನ್ನೂವs ಇದ್ದೂವಲ್ಲ.” ಮತ್ತೆ ಯಾಕೆ ಓಡುವುದಿಲ್ಲ ಎಂದರೆ ಒಂದು ಚೀಟಿ ಹರಿದು ಗಾಡಿಯವನಿಗೆ ಕೊಟ್ಟು ಹೇಳುತ್ತಾಳೆ: “ಗೆದ್ರ ‘ಮತ್ತೇನೋ ತಗೊಂಡಾಳ’ ಅಂತಾರ. ಸೋತ್ರ ‘ಈಗ ಔಷಧ ಇಲ್ಲ ನೋಡು’ ಅಂತಾರ. ಎರಡರಾಗ ಯಾವದಕ್ಕ ಓಡ್ಲಿ?”

ಈ ಸಲದ ರಾಜ್ಯೋತ್ಸವಕ್ಕೆ ಊರಿನ ಸಂಘವೊಂದು ಮಲಕಾಜಪ್ಪನವರಿಗೆ ಶಾಲು ಹೊದಿಸಬೇಕೆಂದಿತ್ತು. ತರಬೇತಿ ಪಡೆದ ಸಾಧಕರ ಹೆಸರು ಬರೆಯಿರಿ ಎಂದು ಅರ್ಜಿ ಕೊಟ್ಟರು. ಇವರು ಶೈಲಜಾಳ ಹೆಸರನ್ನು ಎಲ್ಲರಿಗಿಂತ ಮೇಲೆ ಬರೆದರು. ಸಂಘದವರು ಮೆಲ್ಲಗೆ, ಅದೊಂದು ಹೆಸರು ಬಿಟ್ಟು ಉಳಿದ ಮೂವರನ್ನು ಬರೆದರೆ ಚೆಂದ ಎಂದರು. “ಹಂಗಾದ್ರ ನಂದೂ ಬಿಡ್ರಿ,” ಎಂದು ಅರ್ಜಿ ಹಿಂದಕ್ಕೆ ಕೊಟ್ಟು ಬಂದರು ಮಲಕಾಜಪ್ಪ.

ಅವರಿಗೆ ಬೇಕಾದದ್ದು ಶಾಲು ಅಲ್ಲ. ಹಾಗಾದರೆ ಏನು ಎಂದು ಕೇಳಿದರೆ, ಮೂರನೆಯ ಲೇನಿನ ಗೆರೆ ಪೂರ್ತಿ ಮಾಡಿ, ಕೈಯ ಸುಣ್ಣ ಝಾಡಿಸಿಕೊಂಡು ಹೇಳುತ್ತಾರೆ:

“ಸಂತ್ಯಾಗ ಸಿಗತಾಳ್ರಿ ಆಕಿ. ಸಿಕ್ಕಾಗೊಮ್ಮೆ ನಿಂತು ಆರಾಮ ಅದೀರೇನ ಕಾಕಾ ಅಂತಾಳ. ಶಟ್ಟೆವ್ವ ಕಾಕು ಹೆಂಗದಾರ ಅಂತಾಳ. ನಕ್ಕೋಂತ ಹೋಗತಾಳ. ಒಮ್ಮೆ, ಒಂದs ಸಲ, ಬಜಾರದಾಗ ನಿಲ್ಲಿಸಿ ಬಾಯಿಗೆ ಬಂದಂಗ ಬೈದ ಬಿಟ್ಟಿದ್ರ ಆಗ್ತಿತ್ತು. ಅಷ್ಟs ನೋಡ್ರಿ. ಮತ್ತೇನೂ ಬ್ಯಾಡ.”